ಗುಜರಿಗೆ ಬಂದ ಎಂಜಿನ್ ಯಾವ ಗಾಡಿಯದು?

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆ ಗಾಡಿಗಿಂತ ಎಂಜಿನ್ನಿಗೇ ಆಯುಷ್ಯ ಹೆಚ್ಚು. ಗಣಿಧೂಳು ತಿಂದು ಬಾಡಿ ತೂತುಬಿದ್ದ ಮೇಲೂ ಎಂಜಿನ್ ಕೆಲಸಕ್ಕೆ ಬರುತ್ತದೆ. ಹೊಲದ ಬದುವಿನಲ್ಲಿ ಕೂತು ನೀರೆತ್ತುತ್ತದೆ, ಇಲ್ಲವೇ ಇನ್ನೊಂದು ಗಾಡಿಯ ಬಾನೆಟ್ಟಿನೊಳಗೆ ಸೇರಿಕೊಳ್ಳುತ್ತದೆ. ಹೀಗೆ ಕೈಯಿಂದ ಕೈಗೆ ಹೋಗಿ ಕೊನೆಗೆ ಗುಜರಿ ಅಂಗಡಿಗೆ ಬಂದು ಬೀಳುವ ಹೊತ್ತಿಗೆ ಕಂಪನಿಯ ತಗಡು ಕಿತ್ತುಹೋಗಿರುತ್ತದೆ, ಆರ್‌ಸಿ ಪುಸ್ತಕ ಎಲ್ಲಿದೆಯೋ ಯಾರಿಗೂ ತಿಳಿದಿರುವುದಿಲ್ಲ. ಕಿಲೋ ಲೆಕ್ಕದಲ್ಲಿ ತೂಗುವ ಮುನ್ನ ಇದು ಯಾವ ಗಾಡಿಯದು ಎಂದು ಕೇಳುವವರು ಕಡಿಮೆ. ಕೇಳಿದವರಿಗೆ ಉತ್ತರ ಆ ಕಬ್ಬಿಣದಲ್ಲೇ ಸಿಗುತ್ತದೆ.

ಮೊದಲ ಕೆಲಸ ಸೀಮೆಎಣ್ಣೆ ಮತ್ತು ತಂತಿ ಬ್ರಷ್ಷಿನದು. ಬ್ಲಾಕಿನ ಪಕ್ಕದ ಗ್ರೀಸು, ಮಸಿ ಉಜ್ಜಿ ತೆಗೆದರೆ ಎರಡು ಬಗೆಯ ಅಂಕಿಗಳು ಕಾಣುತ್ತವೆ. ಎರಕದಲ್ಲೇ ಉಬ್ಬಿ ಬಂದ ಅಂಕಿ ಆ ಅಚ್ಚಿನಲ್ಲಿ ಹೊಯ್ದ ಎಲ್ಲ ಬ್ಲಾಕುಗಳಿಗೂ ಒಂದೇ. ಅದು ಮನೆತನವನ್ನು ಹೇಳುತ್ತದೆ. ಆಮೇಲೆ ಪಂಚಿನಿಂದ ಹೊಡೆದ ಅಂಕಿ ಆ ಒಂದು ಎಂಜಿನ್ನಿಗೆ ಮಾತ್ರ ಸೇರಿದ್ದು. ಆರ್‌ಸಿಯಲ್ಲಿ ಇರುವುದು ಇದೇ. ಆರ್‌ಟಿಒ ಕೆಲಸಕ್ಕೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಚಾಸಿಸ್ ನಂಬರಿನ ಪ್ರಿಂಟ್ ತೆಗೆಯುತ್ತಾರಲ್ಲ, ಎಂಜಿನ್ ನಂಬರಿಗೂ ಅದೇ ಸರಿಯಾದ ದಾರಿ. ಹಂಪಿಯ ಬಂಡೆಗಳ ಮೇಲಿನ ಶಾಸನಕ್ಕೆ ಒದ್ದೆ ಕಾಗದ ಒತ್ತಿ ಪಡಿಯಚ್ಚು ತೆಗೆದ ಹಾಗೆಯೇ, ಕಣ್ಣಿಗೆ ಕಾಣದ ಅಂಕಿಯೂ ಕಾಗದದ ಮೇಲೆ ಎದ್ದು ಬರುತ್ತದೆ.

ಅಂಕಿ ಅಳಿಸಿದ್ದರೆ? ಆಗ ಅಳತೆ. ಇಲ್ಲಿ ಒಂದು ಎಚ್ಚರ ಬೇಕು. ಹಳೆಯ ಎಂಜಿನ್ನಿನ ಬೋರ್ ಅಳತೆಯನ್ನು ಪೂರ್ತಿ ನಂಬುವಂತಿಲ್ಲ. ಸವೆದಂತೆಲ್ಲ ರೀಬೋರ್ ಮಾಡಿಸಿ ದಪ್ಪ ಪಿಸ್ಟನ್ ಹಾಕಿರುತ್ತಾರೆ. ಸ್ಟ್ರೋಕ್ ಹಾಗಲ್ಲ, ಅದನ್ನು ನಿರ್ಧರಿಸುವುದು ಕ್ರ್ಯಾಂಕು. ಹೆಡ್ಡು ಬಿಚ್ಚಿ, ಫ್ಲೈವೀಲ್ ಕೈಯಿಂದ ತಿರುಗಿಸಿ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಒಮ್ಮೆ, ಪೂರ್ತಿ ಕೆಳಗಿಳಿದಾಗ ಒಮ್ಮೆ ಬ್ಲಾಕಿನ ಅಂಚಿನಿಂದ ಆಳ ಅಳೆದು ಕಳೆದರೆ ಸ್ಟ್ರೋಕ್ ಸಿಕ್ಕಿತು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನಲ್ಲಿ ಅದು 75 ಮಿ.ಮೀ. ಬಂದು ಬೋರ್ 68ರ ಆಸುಪಾಸಿನಲ್ಲಿದ್ದರೆ ಪ್ರೀಮಿಯರ್ ಕಂಪನಿಯ ಫಿಯಟ್ 1100 ನೆನಪಾಗಬೇಕು. 88.9 ಬಂದರೆ, ಅಂದರೆ ಸರಿಯಾಗಿ ಮೂರೂವರೆ ಇಂಚು, ಅಂಬಾಸಿಡರಿನ 1489 ಸಿಸಿ ಎಂಜಿನ್ನಿನ ಮೇಲೆ ಅನುಮಾನ ಹೋಗಬೇಕು. ಒಂದು ಇಟಲಿಯ ಮಿಲಿಮೀಟರು, ಇನ್ನೊಂದು ಇಂಗ್ಲೆಂಡಿನ ಇಂಚು.

ಬೋರ್ 63.5 ಇದ್ದು ಸ್ಟ್ರೋಕ್ 90 ಬಂದರೆ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಅದು ಹಿಂದೂಸ್ತಾನ್ 10, ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಟೆನ್. ಇಷ್ಟು ಸಪೂರ, ಇಷ್ಟು ಉದ್ದದ ಎಂಜಿನ್ ಯಾಕೆ? ಕಾರಣ ತೆರಿಗೆ. 1921ರಲ್ಲಿ ಬ್ರಿಟನ್ನಿನಲ್ಲಿ ಕಾರಿನ ತೆರಿಗೆ ಹಾರ್ಸ್‌ಪವರಿಗೆ ಒಂದು ಪೌಂಡ್ ಎಂದಾಯಿತು. ಆ ಹಾರ್ಸ್‌ಪವರನ್ನು ಎಂಜಿನ್ ಓಡಿಸಿ ಅಳೆಯುತ್ತಿರಲಿಲ್ಲ. ಬೋರನ್ನು ಇಂಚಿನಲ್ಲಿ ವರ್ಗ ಮಾಡಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, 2.5ರಿಂದ ಭಾಗಿಸುವುದು, ಅಷ್ಟೇ ಲೆಕ್ಕ. ಸ್ಟ್ರೋಕಿಗೆ ಅದರಲ್ಲಿ ಜಾಗವೇ ಇಲ್ಲ. 63.5 ಮಿ.ಮೀ. ಎಂದರೆ ಎರಡೂವರೆ ಇಂಚು. ನಾಲ್ಕು ಸಿಲಿಂಡರಿಗೆ ಲೆಕ್ಕ ಹಾಕಿದರೆ ಸರಿಯಾಗಿ 10 ಬರುತ್ತದೆ. ಹೆಸರಿನ ಹತ್ತು ಅದೇ. ಬೋರ್ ಚಿಕ್ಕದಿಟ್ಟು ಸ್ಟ್ರೋಕ್ ಉದ್ದ ಮಾಡಿದರೆ ತೆರಿಗೆ ಉಳಿಯಿತು, ಶಕ್ತಿಯೂ ಸಿಕ್ಕಿತು. ಲಂಡನ್ನಿನ ಖಜಾನೆಯ ಒಂದು ಸೂತ್ರ ತುಂಗಭದ್ರೆಯ ದಂಡೆಯ ಗ್ಯಾರೇಜಿನಲ್ಲಿ ಬಿದ್ದ ಎಂಜಿನ್ನಿನ ಆಕಾರವನ್ನು ನಿರ್ಧರಿಸಿರಬಹುದು ಎಂಬುದು ಬೆರಗಿನ ಸಂಗತಿ.

ಇದೇ ಎಂಜಿನ್ನಿನಲ್ಲಿ ಮೇಸ್ತ್ರಿಗಳನ್ನು ಕಾಡುವ ಇನ್ನೊಂದು ವಿಚಿತ್ರವಿದೆ. ಬೋಲ್ಟಿನ ತಲೆಗೆ ಇಂಗ್ಲಿಷ್ ವಿಟ್‌ವರ್ತ್ ಪಾನಾ ಕೂರುತ್ತದೆ, ಥ್ರೆಡ್ಡು ಮಾತ್ರ ಮೆಟ್ರಿಕ್. ಮಾರಿಸ್ ಎಂಜಿನ್ ಕಾರ್ಖಾನೆ ಮೊದಲು ಹಾಚ್ಕಿಸ್ ಎಂಬ ಫ್ರೆಂಚ್ ಕಂಪನಿಯದಾಗಿತ್ತು. ಮಾರಿಸ್ ಕಂಪನಿಯ ಒಡೆಯ ಅದನ್ನು 1923ರಲ್ಲಿ ಕೊಂಡ. ಫ್ರಾನ್ಸಿನ ಯಂತ್ರಗಳು ಮೆಟ್ರಿಕ್ ಥ್ರೆಡ್ಡು ಹಾಕುತ್ತಿದ್ದವು, ಗ್ಯಾರೇಜುಗಳಲ್ಲಿ ಇದ್ದದ್ದು ಇಂಗ್ಲಿಷ್ ಪಾನಾ. ಇಂಥ ಬೋಲ್ಟು ಕೈಗೆ ಬಂದರೆ ಎಂಜಿನ್ನಿನ ಮನೆತನ ಅರ್ಧ ಗೊತ್ತಾದ ಹಾಗೆ.

ಸಂಡೂರಿನಂಥ ಗುಡ್ಡದ ಸೀಮೆಗೆ ಹೇಳಿ ಮಾಡಿಸಿದ ಗಾಡಿ ಜೀಪು. ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸಲು ಆರಂಭಿಸಿತು. ಹಳೆಯ ವಿಲ್ಲಿಸ್ ಎಂಜಿನ್ನಿನ ಬೋರ್ ಮೂರೂ ಒಂದೆಂಟಾಂಶ ಇಂಚು, ಸ್ಟ್ರೋಕ್ ನಾಲ್ಕೂ ಮೂರೆಂಟಾಂಶ ಇಂಚು. ಒಟ್ಟು 134 ಘನ ಇಂಚು, ಸುಮಾರು 2200 ಸಿಸಿ. ಮುಂದೆ ಬಂದ ಎಂಜಿನ್ನಿನದೂ ಇದೇ ಅಳತೆ. ಹಾಗಾದರೆ ವ್ಯತ್ಯಾಸ ತಿಳಿಯುವುದು ಹೇಗೆ? ಹೆಡ್ಡು ನೋಡಬೇಕು. ಎರಡನೇ ಮಹಾಯುದ್ಧದ ಕಾಲದ ಎಂಜಿನ್ನಿಗೆ ಚಪ್ಪಟೆ ಹೆಡ್ಡು, ವಾಲ್ವುಗಳೆಲ್ಲ ಬ್ಲಾಕಿನಲ್ಲಿ. ನಂತರದ್ದಕ್ಕೆ ಇನ್ಲೆಟ್ ವಾಲ್ವು ಹೆಡ್ಡಿನ ಮೇಲೆ, ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲೇ. ಎಂಜಿನ್ ಎತ್ತರವಾಯಿತು, ಅದಕ್ಕಾಗಿಯೇ 1953ರ ಸಿಜೆ-3ಬಿ ಜೀಪಿನ ಬಾನೆಟ್ಟನ್ನು ಎತ್ತರಿಸಬೇಕಾಯಿತು. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಮಹೀಂದ್ರ ಜೀಪಿನ ಎತ್ತರದ ಮೂತಿಗೆ ಇದೇ ಕಾರಣ. ಯುದ್ಧಕ್ಕೆಂದು ಫೋರ್ಡ್ ಕೂಡ ಜೀಪು ತಯಾರಿಸಿತ್ತು. ತನ್ನ ಬೋಲ್ಟುಗಳ ತಲೆಯ ಮೇಲೂ ಅದು ಇಂಗ್ಲಿಷಿನ ಎಫ್ ಅಕ್ಷರ ಒತ್ತುತ್ತಿತ್ತು. ಉಗುರಗಲದ ಆ ಅಕ್ಷರ ಸಿಕ್ಕರೆ ಅದು ಫೋರ್ಡಿನ ಮಾಲು.

ಅದಿರು ಲಾರಿಗಳ ಡೀಸೆಲ್ ಎಂಜಿನ್ ಗುರುತಿಸುವುದು ಇಷ್ಟು ತ್ರಾಸಿನದಲ್ಲ, ಹೆಸರಲ್ಲೇ ಅಳತೆ ಇರುತ್ತದೆ. ಟಾಟಾ 697 ಎಂದರೆ ಆರು ಸಿಲಿಂಡರ್, 97 ಮಿ.ಮೀ. ಬೋರ್, ಅದಕ್ಕೂ ಹಿಂದಿನ 692ಕ್ಕೆ 92. ಲೇಲ್ಯಾಂಡಿನವರು ಘನ ಇಂಚಿನ ಲೆಕ್ಕದಲ್ಲಿ 370, 400 ಎಂದರು. ಪಕ್ಕದ ಡೀಸೆಲ್ ಪಂಪಿನ ಮೇಲೆ 1951ರಲ್ಲಿ ಹುಟ್ಟಿದ ಬೆಂಗಳೂರಿನ ಮೈಕೋ ಕಂಪನಿಯ ತಗಡು ಉಳಿದಿದ್ದರೆ ಅದೂ ಸಾಕ್ಷಿಯೇ. ‘ಪಿಇಎಸ್ 6ಎ 80’ ಎಂದಿದ್ದರೆ 6 ಸಿಲಿಂಡರಿಗೆ, ಎ ಪಂಪಿನ ಗಾತ್ರಕ್ಕೆ, 80 ಎಂಟು ಮಿ.ಮೀ. ಪ್ಲಂಜರಿಗೆ. ಆದರೆ ಪಂಪು ಬದಲಾಗಿರಬಹುದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ನಿಂತಲ್ಲೇ ನಿಂತ ಲಾರಿಗಳ ಸೀಮೆಯಿದು. ಒಂದರ ಪಂಪು ಇನ್ನೊಂದಕ್ಕೆ ಹೋಗಿದ್ದರೆ ಅಚ್ಚರಿಯಿಲ್ಲ.

ಕಾಗದಪತ್ರ ಹುಡುಕುವುದು ಇದಕ್ಕಿಂತ ಕಷ್ಟ. ಸಂಡೂರು 1949ರವರೆಗೆ ಬೇರೆಯೇ ಸಂಸ್ಥಾನ. ಹೊಸಪೇಟೆ, ಕಂಪ್ಲಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿದ್ದವು. ಹಂಪಿಯಿಂದ ಹೊಳೆ ದಾಟಿದರೆ ಸಿಗುವ ಆನೆಗೊಂದಿ 1956ರವರೆಗೆ ಹೈದರಾಬಾದಿನದು. ಹೊಳೆಯ ಎರಡು ದಡದಲ್ಲಿ ಓಡಿದ ಹಳೆಯ ಗಾಡಿಯ ದಾಖಲೆ ಮೂರು ಸರ್ಕಾರಗಳ ಕಡತಗಳಲ್ಲಿ ಹಂಚಿಹೋಗಿರಬಹುದು.

ಈ ಹುಡುಕಾಟಕ್ಕೆ 2021ರಲ್ಲಿ ಹೊಸ ತೂಕ ಬಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳಿಗೆ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿ ತಂದಿತು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ನಂಬರಿನಲ್ಲಿ ರಾಜ್ಯದ ಹೆಸರಿನ ಪಕ್ಕ ‘ವಿಎ’ ಅಕ್ಷರಗಳು. ಷರತ್ತು ಒಂದಿದೆ: ಗಾಡಿ ಮೂಲರೂಪದಲ್ಲಿರಬೇಕು, ಚಾಸಿಸ್, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ಡೀಸೆಲ್ ಅಗ್ಗವೆಂದು ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿಕೊಂಡ ಹಳೆಯ ಜೀಪುಗಳ ಮಾಲೀಕರು ಈಗ ಹುಡುಕಬೇಕಾಗಿರುವುದು ಆವತ್ತು ಇಳಿಸಿದ ಅದೇ ಎಂಜಿನ್ನನ್ನು. ಹಾಗಾಗಿ ಗುಜರಿಯವರು ಒಡೆಯುವ ಮುನ್ನ ಬ್ಲಾಕಿನ ಬಲಮಗ್ಗುಲಿನ ಮುಂದಿನ ಮೇಲ್ಮೂಲೆಯನ್ನು ಒಮ್ಮೆ ಉಜ್ಜಿ ನೋಡಲಿ. ಯುದ್ಧಕಾಲದ ವಿಲ್ಲಿಸ್ ಎಂಜಿನ್ನಿಗೆ ನಂಬರ್ ಹೊಡೆದಿರುವುದು ಅಲ್ಲೇ.