ಗುಂಗುರು ಕೂದಲು: ಬಾಚಣಿಗೆಯೊಂದಿಗಿನ ಜಗಳ ನಿಲ್ಲಲಿ

ಹೆಣ್ಣು ಮಕ್ಕಳಿರುವ ಮನೆಗಳಲ್ಲಿ ಬೆಳಗ್ಗಿನ ಅರ್ಧ ಗಂಟೆ ಜಡೆ ಹಾಕುವುದಕ್ಕೇ ಮೀಸಲು. ಮಗಳದ್ದು ನೇರ ಕೂದಲಾದರೆ ಕೆಲಸ ಬೇಗ ಮುಗಿಯುತ್ತದೆ. ಗುಂಗುರು ಕೂದಲಾದರೆ ಅಲ್ಲೊಂದು ಯುದ್ಧವೇ ನಡೆಯುತ್ತದೆ. ಮಗಳು ಅಳುತ್ತಾಳೆ, ಉಮ್ಮ ಗದರುತ್ತಾಳೆ, ಬಾಚಣಿಗೆಯ ಹಲ್ಲು ಮುರಿಯುತ್ತದೆ. "ಇದೆಂಥ ಕೂದಲು ನಿನ್ನದು, ಯಾರದ್ದು ಬಂತೋ!" ಎಂಬ ಮಾತೂ ಹೊರಬೀಳುತ್ತದೆ. ಹೇಳಿದವರು ಅದನ್ನು ಅಲ್ಲಿಯೇ ಮರೆಯುತ್ತಾರೆ. ಕೇಳಿದ ಮಗು ಮರೆಯುವುದಿಲ್ಲ.

ಹೆಣ್ಣು ಮಕ್ಕಳಿಗೆ ಹಲವು ವರ್ಷಗಳಿಂದ ಪಾಠ ಹೇಳುತ್ತಿರುವ ನಾನು ಇದನ್ನು ಹತ್ತಿರದಿಂದ ಗಮನಿಸಿದ್ದೇನೆ. ಗುಂಗುರು ಕೂದಲಿನ ಹುಡುಗಿಗೆ ತರಗತಿಯಲ್ಲಿ ಒಂದಲ್ಲ ಒಂದು ಅಡ್ಡ ಹೆಸರು ಇದ್ದೇ ಇರುತ್ತದೆ. ಏಳನೇ, ಎಂಟನೇ ತರಗತಿಗೆ ಬರುವಷ್ಟರಲ್ಲಿ "ನನ್ನ ಕೂದಲು ಚೆನ್ನಾಗಿಲ್ಲ" ಎಂದು ಅವಳೇ ನಂಬಿಬಿಡುತ್ತಾಳೆ. ಮುಂದೆ ಮದುವೆಯ ಮಾತು ಬಂದಾಗ, "ಒಮ್ಮೆ ಪಾರ್ಲರ್‌ಗೆ ಹೋಗಿ ನೇರ ಮಾಡಿಸಿಬಿಡೋಣ" ಎಂದು ಮನೆಯವರೂ ಹೇಳುತ್ತಾರೆ. ನಿಜವಾಗಿ ನೋಡಿದರೆ ಈ ಕೂದಲಿನಲ್ಲಿ ಯಾವ ದೋಷವೂ ಇಲ್ಲ. ನೇರ ಕೂದಲಿಗೆ ಮಾಡುವ ಆರೈಕೆಯನ್ನೇ ಗುಂಗುರು ಕೂದಲಿಗೂ ಮಾಡುತ್ತಿರುವುದರಿಂದ ತೊಂದರೆಯಾಗುತ್ತಿದೆ, ಅಷ್ಟೆ.

ಕೂದಲು ಗುಂಗುರಾಗುವುದು ಏಕೆ?

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆಗಿದೆ. ನಮ್ಮ ಉಗುರಿನಲ್ಲಿರುವುದೂ ಇದೇ. ಚರ್ಮದೊಳಗೆ ಕೂದಲು ಹುಟ್ಟುವ ಚಿಕ್ಕ ಗುಳಿಯಂಥ ಜಾಗವಿದೆ. ಅದು ನೆಟ್ಟಗಿದ್ದರೆ ಕೂದಲು ನೇರವಾಗಿ ಬರುತ್ತದೆ, ಬಾಗಿದ್ದರೆ ಸುರುಳಿಯಾಗಿ ಬರುತ್ತದೆ. ನೇರ ಕೂದಲನ್ನು ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹುಮಟ್ಟಿಗೆ ದುಂಡಗಿರುತ್ತದೆ. ಗುಂಗುರು ಕೂದಲು ಚಪ್ಪಟೆಯಾಗಿರುತ್ತದೆ. ಇದು ತಂದೆ ತಾಯಿಯರಿಂದ, ಅಜ್ಜ ಅಜ್ಜಿಯರಿಂದ ಬರುವ ಗುಣ. ಯಾವ ಎಣ್ಣೆ ಹಚ್ಚಿದರೂ, ಎಷ್ಟು ಸಲ ತಲೆ ಬೋಳಿಸಿದರೂ ಬದಲಾಗುವುದಿಲ್ಲ. ಏಕೆಂದರೆ ಬೋಳಿಸುವುದು ಹೊರಗಿನ ಕೂದಲನ್ನು ಮಾತ್ರ. ಬುಡದ ಆಕಾರ ಒಳಗೆ ಹಾಗೆಯೇ ಇರುತ್ತದೆ.

ನೆತ್ತಿಯ ಚರ್ಮದಲ್ಲಿ ಎಣ್ಣೆಯಂಥ ಒಂದು ಜಿಡ್ಡು ಹುಟ್ಟುತ್ತಿರುತ್ತದೆ. ನೇರ ಕೂದಲಿನಲ್ಲಿ ಈ ಜಿಡ್ಡು ಬುಡದಿಂದ ತುದಿಯವರೆಗೆ ಸುಲಭವಾಗಿ ಇಳಿಯುತ್ತದೆ. ಸುರುಳಿ ಕೂದಲಿನಲ್ಲಿ ಪ್ರತಿ ತಿರುವಿನಲ್ಲೂ ಅದಕ್ಕೆ ತಡೆ. ಆದ್ದರಿಂದ ಬುಡದಲ್ಲಿ ಜಿಡ್ಡಿದ್ದರೂ ತುದಿ ಒಣಗಿರುತ್ತದೆ. ಮೇಲಾಗಿ ತಿರುವು ಇರುವ ಕಡೆಯಲ್ಲೇ ಕೂದಲು ಬೇಗ ತುಂಡಾಗುತ್ತದೆ. "ನನ್ನ ಮಗಳ ಕೂದಲು ಬೆಳೆಯುವುದೇ ಇಲ್ಲ" ಎಂದು ಹೇಳುವ ತಾಯಂದಿರು ಇದನ್ನು ತಿಳಿದಿರಬೇಕು. ಕೂದಲು ತಿಂಗಳಿಗೆ ಹೆಚ್ಚು ಕಡಿಮೆ 1 ಸೆಂಟಿಮೀಟರಿನಷ್ಟು ಬೆಳೆಯುತ್ತಲೇ ಇರುತ್ತದೆ. ಆದರೆ ತುದಿಯಲ್ಲಿ ಅಷ್ಟೇ ಮುರಿಯುತ್ತಿದ್ದರೆ ಉದ್ದ ಕಾಣುವುದು ಹೇಗೆ? ಸುರುಳಿಯನ್ನು ಎಳೆದು ನೋಡಿದರೆ ನಾವು ಅಂದುಕೊಂಡದ್ದಕ್ಕಿಂತ ಎಷ್ಟೋ ಉದ್ದವಿರುವುದೂ ಉಂಟು.

ತೊಳೆಯುವ ಕ್ರಮ

ದಿನವೂ ಶಾಂಪೂ ಹಾಕಿ ತಲೆ ತೊಳೆಯುವುದು ಗುಂಗುರು ಕೂದಲಿಗೆ ಒಳ್ಳೆಯದಲ್ಲ. ಇರುವ ಸ್ವಲ್ಪ ಜಿಡ್ಡೂ ಹೋಗಿ ಕೂದಲು ನಾರಿನಂತಾಗುತ್ತದೆ. ಸಾಮಾನ್ಯವಾಗಿ ವಾರಕ್ಕೆ ಒಂದೆರಡು ಸಲ ಸಾಕು. ನೆತ್ತಿ ತುಂಬಾ ಬೆವರುವವರು ಇನ್ನೊಮ್ಮೆ ತೊಳೆಯಬಹುದು. ಶಾಂಪೂವನ್ನು ನೀರಿನಲ್ಲಿ ಕಲಸಿ ನೆತ್ತಿಗೆ ಮಾತ್ರ ಹಚ್ಚಿ ಬೆರಳ ತುದಿಯಿಂದ ಮೆಲ್ಲಗೆ ತಿಕ್ಕಿರಿ. ಕೂದಲನ್ನು ನೆತ್ತಿಯ ಮೇಲೆ ಗುಡ್ಡೆ ಹಾಕಿ ಬಟ್ಟೆ ಒಗೆಯುವಂತೆ ಉಜ್ಜಬೇಡಿ. ಕೆಳಗಿನ ಕೂದಲಿಗೆ ಇಳಿದು ಬರುವ ನೊರೆಯೇ ಸಾಕಾಗುತ್ತದೆ.

ಶಾಂಪೂ ಎಂಬ ಹೆಸರು ಹಿಂದಿಯ 'ಚಾಂಪೊ' ಅಂದರೆ ತಲೆ, ಮೈ ಒತ್ತುವುದು ಎಂಬ ಮಾತಿನಿಂದ ಇಂಗ್ಲಿಷಿಗೆ ಹೋದದ್ದು. ಇಂಗ್ಲೆಂಡಿನಲ್ಲಿ ಅದನ್ನು ಜನಪ್ರಿಯಗೊಳಿಸಿದವರು ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಖ್ ದೀನ್ ಮುಹಮ್ಮದ್. ಬ್ರೈಟನ್ ಪಟ್ಟಣದಲ್ಲಿ ಅವರ ಸ್ನಾನಗೃಹ ಎಷ್ಟು ಹೆಸರು ಮಾಡಿತೆಂದರೆ ಬ್ರಿಟನ್ನಿನ ದೊರೆಗಳೂ ಅವರ ಸೇವೆ ಪಡೆದರು. ಅಂದರೆ ಬಾಟಲಿಯ ನೊರೆಗಿಂತ ಮೊದಲು ಶಾಂಪೂ ಎಂದರೆ ಕೈಯ ಕೆಲಸವಾಗಿತ್ತು. ಇಂದಿಗೂ ಮುಖ್ಯವಾದದ್ದು ಕೈಯ ಮೃದುತ್ವವೇ.

ಶಾಂಪೂ ನಂತರ ಕಂಡೀಷನರ್ ಹಚ್ಚುವುದು ಗುಂಗುರು ಕೂದಲಿನವರಿಗೆ ಬೇಕೇ ಬೇಕು. ಅದು ಕೂದಲಿನ ಮೇಲೆ ತೆಳ್ಳಗೆ ಅಂಟಿಕೊಂಡು ಒರಟುತನ ಕಡಿಮೆ ಮಾಡುತ್ತದೆ, ಸಿಕ್ಕು ಬಿಡಿಸಲು ನೆರವಾಗುತ್ತದೆ. ದುಬಾರಿ ಬೆಲೆಯದ್ದೇ ಆಗಬೇಕೆಂದಿಲ್ಲ. ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ತೆಗೆದ ಲೋಳೆ, ನೆನೆಸಿ ಅರೆದ ಮೆಂತ್ಯ ಇವು ನಮ್ಮ ಅಜ್ಜಿಯಂದಿರ ಕಂಡೀಷನರ್‌ಗಳು. ಇವುಗಳ ಲೋಳೆಯಿಂದ ಕೂದಲು ಜಾರುವಂತಾಗುತ್ತದೆ. ಸೀಗೆಕಾಯಿ, ಅಂಟುವಾಳ ಮಾತ್ರ ಕೊಳೆ ತೆಗೆಯುವ ವಸ್ತುಗಳು. ನೈಸರ್ಗಿಕವೆಂದು ದಿನವೂ ಹಾಕಿದರೆ ಅವೂ ಕೂದಲನ್ನು ಒಣಗಿಸುತ್ತವೆ.

ಬೋರ್‌ವೆಲ್‌ನ ಗಡಸು ನೀರಿರುವ ಊರುಗಳಲ್ಲಿ ಕೂದಲು ಒರಟಾಗುವುದು ಹೆಚ್ಚು. ತಲೆಗೆ ಸಾಬೂನು ಹಾಕಿದರಂತೂ ನೀರಿನ ಸುಣ್ಣದ ಅಂಶ ಸೇರಿ ಬಿಳಿ ಪದರದಂತೆ ಕೂದಲಿಗೆ ಅಂಟುತ್ತದೆ. ಇಂಥ ಕಡೆ ಕೊನೆಯ ಎರಡು ಚೊಂಬು ಮಳೆ ನೀರು ಅಥವಾ ಬಾವಿಯ ಮೆದು ನೀರು ಸುರಿದುಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ಒರೆಸುವಾಗ ಒರಟು ಬೈರಾಸಿನಿಂದ ತಿಕ್ಕುವ ಬದಲು ಹಳೆಯ ಹತ್ತಿ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ.

ಎಣ್ಣೆ ಯಾವಾಗ?

ತಲೆಗೆ ತೆಂಗಿನೆಣ್ಣೆ ಹಚ್ಚುವ ನಮ್ಮ ರೂಢಿಗೆ ವಿಜ್ಞಾನದ ಬೆಂಬಲವೂ ಇದೆ. ಮುಂಬಯಿಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳನ್ನು ಹೋಲಿಸಿದರು. ಕೂದಲಿನಿಂದ ಪ್ರೋಟೀನ್ ನಷ್ಟವಾಗುವುದನ್ನು ಗಣನೀಯವಾಗಿ ತಡೆದದ್ದು ತೆಂಗಿನೆಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲ ಕೂದಲಿನ ಒಳಗೆ ಇಳಿಯಬಲ್ಲದು. ತಲೆ ತೊಳೆಯುವ ಮೊದಲು ಹಚ್ಚಿದರೆ ಹೆಚ್ಚು ಪ್ರಯೋಜನ. ಕೂದಲು ನೀರು ಹೀರಿ ಉಬ್ಬಿಕೊಳ್ಳುವುದನ್ನು ಅದು ಕಡಿಮೆ ಮಾಡುತ್ತದೆ. ನೆತ್ತಿಗೆ ಸುರಿಯುವುದಕ್ಕಿಂತ ಒಣಗಿದ ತುದಿಗೆ ಹಚ್ಚುವುದು ಮುಖ್ಯ. ತಲೆಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಹಚ್ಚಿ ದಿನಗಟ್ಟಲೆ ಬಿಟ್ಟರೆ ಹೊಟ್ಟು ಹೆಚ್ಚುತ್ತದೆ. ಅಂಥವರು ಮೊದಲು ಅದಕ್ಕೆ ಔಷಧಿ ಮಾಡಿಕೊಳ್ಳಲಿ.

ಮದರಂಗಿಯ ಬಗ್ಗೆಯೂ ಒಂದು ಮಾತು. ಶುದ್ಧ ಮದರಂಗಿ ಎಲೆ ಕೆಂಪು ಬಣ್ಣ ಕೊಡುತ್ತದೆ, ಕಪ್ಪು ಬಣ್ಣ ಕೊಡುವುದಿಲ್ಲ. ಬೇಗ ಕಪ್ಪಾಗಿಸುವ 'ಕಪ್ಪು ಮೆಹೆಂದಿ' ಪೊಟ್ಟಣಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುವುದುಂಟು. ಕೆಲವರಿಗೆ ಅದರಿಂದ ತುರಿಕೆ, ಮುಖ ಊದಿಕೊಳ್ಳುವುದು, ಗುಳ್ಳೆ ಏಳುವುದು ಆಗುತ್ತದೆ. ಪೊಟ್ಟಣದ ಹಿಂದೆ ಬರೆದಿರುವುದನ್ನು ಓದದೆ ತಲೆಗೆ ಹಚ್ಚಬೇಡಿ. ಶುದ್ಧ ಮದರಂಗಿಯೂ ಗುಂಗುರು ಕೂದಲನ್ನು ಸ್ವಲ್ಪ ಒಣಗಿಸುತ್ತದೆ. ಹಾಗಾಗಿ ಮರುದಿನ ಎಣ್ಣೆ ಹಚ್ಚುವುದನ್ನು ಮರೆಯದಿರಿ.

ಬಾಚುವುದು ಹೇಗೆ?

ಮನೆಯ ಜಗಳ ನಿಲ್ಲುವುದು ಇಲ್ಲಿಯೇ. ಒಣಗಿದ ಗುಂಗುರು ಕೂದಲನ್ನು ಬಾಚಲೇಬಾರದು. ಬಾಚಿದರೆ ಸುರುಳಿಗಳು ಬಿಚ್ಚಿ ಪೊದೆಯಂತೆ ಕೆದರುತ್ತವೆ, ಮುರಿಯುತ್ತವೆ. ಕೂದಲು ಒದ್ದೆಯಾಗಿ, ಅದರಲ್ಲಿ ಕಂಡೀಷನರ್ ಅಥವಾ ದಾಸವಾಳದ ಲೋಳೆ ಇರುವಾಗಲೇ ಸಿಕ್ಕು ಬಿಡಿಸಬೇಕು. ಕ್ರಮ ಹೀಗಿರಲಿ:

- ಕೂದಲನ್ನು ನಾಲ್ಕು ಭಾಗ ಮಾಡಿ, ಒಂದೊಂದೇ ಭಾಗ ಕೈಗೆತ್ತಿಕೊಳ್ಳಿ.
- ಮೊದಲು ಬೆರಳಿನಿಂದ ದೊಡ್ಡ ಸಿಕ್ಕುಗಳನ್ನು ಬಿಡಿಸಿ.
- ಹಲ್ಲುಗಳು ದೂರ ದೂರ ಇರುವ ಅಗಲ ಬಾಚಣಿಗೆ ಬಳಸಿ.
- ತುದಿಯಿಂದ ಆರಂಭಿಸಿ ನಿಧಾನವಾಗಿ ಬುಡದ ಕಡೆಗೆ ಬನ್ನಿ. ಬುಡದಿಂದ ಎಳೆದರೆ ಸಿಕ್ಕುಗಳೆಲ್ಲ ಕೆಳಗೆ ಸೇರಿ ಗಂಟಾಗುತ್ತವೆ.
- ಬಾಚುವ ಭಾಗವನ್ನು ಇನ್ನೊಂದು ಕೈಯಲ್ಲಿ ಮೇಲೆ ಹಿಡಿದುಕೊಳ್ಳಿ. ಆಗ ನೆತ್ತಿಗೆ ನೋವಾಗುವುದಿಲ್ಲ.

ಒದ್ದೆ ಕೂದಲು ಬೇಗ ಹಿಗ್ಗುತ್ತದೆ. ಆದ್ದರಿಂದ ಜೋರು ಬೇಡ. ಶಾಲೆಯಿರುವ ದಿನಗಳಲ್ಲಿ ಬೆಳಗ್ಗೆ ಕೈಯನ್ನು ಒದ್ದೆ ಮಾಡಿ ಸುರುಳಿಗಳನ್ನು ಸರಿಪಡಿಸಿ ಸಡಿಲವಾಗಿ ಜಡೆ ಹಾಕಿದರೆ ಸಾಕು. ರಾತ್ರಿ ಮಲಗುವಾಗಲೂ ಸಡಿಲ ಜಡೆ ಇರಲಿ. ದಿಂಬಿನ ಹೊದಿಕೆ ನಯವಾದ ಬಟ್ಟೆಯದ್ದಾದರೆ ಕೂದಲು ತಿಕ್ಕಿ ಸವೆಯುವುದು ಕಡಿಮೆ. ಹೇನಿನ ಕಾಟವಿದ್ದರೂ ಇದೇ ಉಪಾಯ. ಕಂಡೀಷನರ್ ಹಚ್ಚಿ ಮೊದಲು ಸಿಕ್ಕು ಬಿಡಿಸಿ, ನಂತರ ಹೇನು ಬಾಚಣಿಗೆಯಿಂದ ಬಾಚಿ. ಮೊಟ್ಟೆಗಳು ಒಡೆದು ಮರಿಯಾಗಲು ಸುಮಾರು ಒಂದು ವಾರ ಬೇಕು. ಹಾಗಾಗಿ ಒಮ್ಮೆ ಬಾಚಿ ಬಿಟ್ಟರೆ ಸಾಲದು, ಎರಡು ವಾರ ಮುಂದುವರಿಸಬೇಕು.

ಸ್ಕಾರ್ಫ್ ಮತ್ತು ಬಿಗಿ ತುರುಬು

ಸುಬಹಿಗೆ ಎದ್ದು ಸ್ನಾನ ಮಾಡಿ, ಒದ್ದೆ ಕೂದಲನ್ನೇ ಸುತ್ತಿ ಸ್ಕಾರ್ಫ್ ಕಟ್ಟಿ ಹೊರಡುವ ಹುಡುಗಿಯರು ಅನೇಕರು. ಸಂಜೆ ಬಿಚ್ಚಿದಾಗಲೂ ಒಳಗೆ ಒದ್ದೆ, ವಾಸನೆ. ಬೆಚ್ಚಗೆ, ಒದ್ದೆಯಾಗಿರುವ ಜಾಗ ತಲೆಹೊಟ್ಟಿಗೆ ಕಾರಣವಾಗುವ ಸೂಕ್ಷ್ಮಜೀವಿಗೆ ಬಹಳ ಇಷ್ಟ. ತಲೆಗೆ ನೀರು ಹಾಕುವುದನ್ನು ಹಿಂದಿನ ಸಂಜೆಗೆ ಬದಲಾಯಿಸಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಒಳಗೆ ಧರಿಸುವ ಟೊಪ್ಪಿ ಹತ್ತಿಯದ್ದಾಗಿರಲಿ, ಅದನ್ನು ದಿನವೂ ಒಗೆಯಿರಿ.

ಇನ್ನೊಂದು ಗಂಭೀರ ವಿಷಯ ಬಿಗಿ. ಗುಂಗುರು ಕೂದಲು ಹೊರಗೆ ಬರಬಾರದೆಂದು ಹಿಂದಕ್ಕೆ ಜೋರಾಗಿ ಎಳೆದು ಒಂದೇ ಜಾಗದಲ್ಲಿ ತುರುಬು ಕಟ್ಟುತ್ತಾರೆ. ವರ್ಷಗಟ್ಟಲೆ ಹೀಗೆ ಎಳೆದರೆ ಹಣೆಯ ಅಂಚಿನಲ್ಲಿ, ಕಿವಿಯ ಮುಂದೆ ಕೂದಲು ತೆಳ್ಳಗಾಗುತ್ತದೆ. ಆರಂಭದಲ್ಲೇ ಬಿಗಿ ಸಡಿಲಿಸಿದರೆ ಕೂದಲು ಮರಳಿ ಬರುತ್ತದೆ. ತಡ ಮಾಡಿದರೆ ಬುಡವೇ ಹಾಳಾಗಿ ಆ ಜಾಗ ಶಾಶ್ವತವಾಗಿ ಬೋಳಾಗಬಹುದು. ಜಡೆ ಹಾಕಿದ ಮೇಲೆ ಮಗಳಿಗೆ ನೆತ್ತಿ ನೋಯುತ್ತಿದ್ದರೆ ಅದು ಬಿಗಿಯಾಯಿತೆಂದೇ ಅರ್ಥ.

ಕೂದಲು ಉದುರಿದರೆ

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಗುಂಗುರು ಕೂದಲಿನವರು ವಾರಕ್ಕೊಮ್ಮೆ ಬಾಚುವುದರಿಂದ ವಾರದ ಲೆಕ್ಕ ಒಂದೇ ದಿನ ಕೈಗೆ ಬರುತ್ತದೆ. ಅದನ್ನು ಕಂಡು ಹೆದರಬೇಕಾಗಿಲ್ಲ. ಹೆರಿಗೆಯ ನಂತರ, ದೊಡ್ಡ ಜ್ವರದ ನಂತರ ಎರಡು ಮೂರು ತಿಂಗಳು ಕಳೆದು ಕೂದಲು ಹಿಡಿ ಹಿಡಿಯಾಗಿ ಉದುರುವುದೂ ಉಂಟು. 2020ರ ನಂತರ ಕೊರೋನಾದಿಂದ ಚೇತರಿಸಿಕೊಂಡ ಬಹಳ ಮಂದಿಗೆ ಹೀಗಾಯಿತು. ಸಾಮಾನ್ಯವಾಗಿ ಇದು ಕೆಲವು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ.

ಉದುರುವುದು ನಿಲ್ಲದಿದ್ದರೆ ಎಣ್ಣೆ ಬದಲಾಯಿಸುತ್ತಾ ಕೂರಬೇಡಿ, ರಕ್ತ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣದ ಕೊರತೆಯಾಗಲಿ ಥೈರಾಯ್ಡ್ ತೊಂದರೆಯಾಗಲಿ ಇದ್ದರೆ ಹೊರಗಿನಿಂದ ಏನು ಹಚ್ಚಿದರೂ ಪ್ರಯೋಜನವಿಲ್ಲ. ಮೊಟ್ಟೆ, ಮೀನು, ಬೇಳೆ, ನುಗ್ಗೆ ಸೊಪ್ಪು, ಹುರುಳಿ ಮನೆಯ ಗಂಡಸರ ತಟ್ಟೆಯಲ್ಲಿ ಇರುವಷ್ಟೇ ಹೆಣ್ಣು ಮಕ್ಕಳ ತಟ್ಟೆಯಲ್ಲೂ ಇದೆಯೇ ಎಂದು ನೋಡಿ.

ನೇರ ಮಾಡಿಸುವ ಮೊದಲು

ಕೂದಲಿನ ಆಕಾರವನ್ನು ಹಿಡಿದಿಟ್ಟಿರುವ ಒಳಗಿನ ಗಂಧಕದ ಬೆಸುಗೆಗಳನ್ನು ರಾಸಾಯನಿಕದಿಂದ ಮುರಿದು, ಕೂದಲನ್ನು ನೇರವಾಗಿ ಎಳೆದು ಮತ್ತೆ ಬೆಸೆಯುವುದೇ ಪಾರ್ಲರ್‌ಗಳ ರೀಬಾಂಡಿಂಗ್. ಸಾವಿರಾರು ರೂಪಾಯಿ ಖರ್ಚಾಗುತ್ತದೆ. ಆದರೆ ಬುಡದಿಂದ ಹೊಸದಾಗಿ ಬರುವ ಕೂದಲು ಮತ್ತೆ ಗುಂಗುರೇ. ಆರು ತಿಂಗಳಲ್ಲಿ ಮೇಲೆ ಸುರುಳಿ, ಕೆಳಗೆ ಕಡ್ಡಿ. ಅವೆರಡೂ ಸೇರುವ ಜಾಗದಲ್ಲಿ ಕೂದಲು ತುಂಡಾಗುತ್ತದೆ.

ಕೆಲವು ನೇರಗೊಳಿಸುವ ದ್ರಾವಣಗಳಿಂದ ಫಾರ್ಮಾಲ್ಡಿಹೈಡ್ ಅನಿಲ ಹೊರಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು 2004ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲದ ಕ್ರೀಮೂ ನಿರಪಾಯವಲ್ಲ. ಪಾರ್ಲರ್‌ನಲ್ಲಿ ಕೂದಲು ನೇರ ಮಾಡಿಸಿಕೊಂಡ ಯುವತಿಯೊಬ್ಬಳಿಗೆ 2020, 2021 ಮತ್ತು 2022ರಲ್ಲಿ ಮೂರು ಸಲವೂ ಮೂತ್ರಪಿಂಡಕ್ಕೆ ಹಾನಿಯಾದುದನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ವರದಿ ಮಾಡಿದ್ದಾರೆ. ಮದುವೆಯ ಒಂದು ದಿನದ ಫೋಟೋಗೆ ಇಷ್ಟು ಬೆಲೆ ತೆರಬೇಕೇ? ಯೋಚಿಸಿ.

ದೀನ್ ಹೇಳುವುದೇನು?

ಕೂದಲಿರುವವರು ಅದನ್ನು ಚೆನ್ನಾಗಿ ನೋಡಿಕೊಳ್ಳಬೇಕೆಂದು ಪ್ರವಾದಿವರ್ಯರು(ಸ) ಬೋಧಿಸಿದ್ದಾರೆ. ಹಾಗೆಯೇ ಹೊತ್ತೆಲ್ಲ ಬಾಚಿಕೊಳ್ಳುವುದರಲ್ಲೇ ಕಳೆಯಬಾರದು, ದಿನ ಬಿಟ್ಟು ದಿನ ಬಾಚಿದರೆ ಸಾಕು ಎಂಬ ಮಿತಿಯನ್ನೂ ಕಲಿಸಿದ್ದಾರೆ. ಅವರ ಕೂದಲು ತೀರಾ ಗುಂಗುರೂ ಅಲ್ಲದ, ತೀರಾ ನೇರವೂ ಅಲ್ಲದ ಬಗೆಯದ್ದಾಗಿತ್ತೆಂದು ಅನಸ್(ರ) ವರದಿ ಮಾಡಿದ್ದಾರೆ.

ಬಿಗಿಯಾಗಿ ಜಡೆ ಹಾಕುತ್ತಿದ್ದ ಉಮ್ಮು ಸಲಮಾ(ರ) ಅವರು, ಕಡ್ಡಾಯ ಸ್ನಾನಕ್ಕೆ ಜಡೆ ಬಿಚ್ಚಬೇಕೇ ಎಂದು ಪ್ರವಾದಿವರ್ಯರಲ್ಲಿ(ಸ) ಕೇಳಿದರು. ಬೇಡ, ಮೂರು ಬೊಗಸೆ ನೀರು ತಲೆಗೆ ಸುರಿದುಕೊಂಡರೆ ಸಾಕು ಎಂಬ ಉತ್ತರ ಸಿಕ್ಕಿತು. ನೀರು ಕೂದಲಿನ ಬುಡಕ್ಕೆ ತಲುಪುವಂತೆ ನೋಡಿಕೊಳ್ಳಬೇಕು ಎಂಬುದು ವಿದ್ವಾಂಸರ ವಿವರಣೆ. ಕೂದಲಿನ ಕಷ್ಟ ಕೇಳುವುದು ಅಲ್ಪ ವಿಷಯವೆಂದು ಆ ಮಹಿಳೆಯರು ನಾಚಲಿಲ್ಲ, ಪ್ರವಾದಿವರ್ಯರು(ಸ) ಕಡೆಗಣಿಸಲೂ ಇಲ್ಲ. ಕಾಯಿಲೆಯಿಂದ ಕೂದಲು ಉದುರಿದ ಮದುವಣಗಿತ್ತಿಗೆ ಬೇರೆಯವರ ಕೂದಲು ಜೋಡಿಸಲು ಅನುಮತಿ ಕೇಳಿದಾಗ ಅವರು ಅದನ್ನು ತಡೆದರು. ಇರುವುದನ್ನು ಆರೈಕೆ ಮಾಡು, ಇಲ್ಲದ್ದನ್ನು ತೋರಿಸಬೇಡ ಎಂಬುದು ಇದರಿಂದ ನಾವು ಕಲಿಯುವ ಪಾಠ.

ತಾಯಂದಿರೇ, ಮಗಳ ಕೂದಲಿಗೆ ವಾರದಲ್ಲಿ ಒಂದು ಗಂಟೆ ಮೀಸಲಿಡಿ. ಅಗಲ ಹಲ್ಲಿನ ಒಂದು ಬಾಚಣಿಗೆ, ಒಂದು ಬಟ್ಟಲು ತೆಂಗಿನೆಣ್ಣೆ, ಹಿತ್ತಲಿನ ನಾಲ್ಕು ದಾಸವಾಳದ ಎಲೆ, ಇಷ್ಟಿದ್ದರೆ ಧಾರಾಳವಾಯಿತು. ಆ ಒಂದು ಗಂಟೆಯಲ್ಲಿ ಅವಳ ಶಾಲೆಯ ಸುದ್ದಿಯನ್ನೂ ಕೇಳಿ. "ನಿನ್ನ ಕೂದಲು ಚೆಂದ" ಎಂಬ ಮಾತನ್ನು ಅವಳು ಮೊದಲು ಕೇಳಬೇಕಾದದ್ದು ನಿಮ್ಮ ಬಾಯಿಂದ.