ಬಿಲ್ಡರ್ ನಮ್ಮವರೇ, ಆದರೂ ರೆಕಾರ್ಡ್ ನೋಡಲೇಬೇಕು

ಗಲ್ಫ್‌ನಿಂದ ಒಂದು ತಿಂಗಳ ರಜೆಯಲ್ಲಿ ಬರುವ ನಮ್ಮ ಹುಡುಗರಿಗೆ ಊರಲ್ಲಿ ಪುರುಸೊತ್ತು ಇರುವುದಿಲ್ಲ. ತಂಗಿಯ ಮದುವೆ ಮಾತುಕತೆ, ಉಮ್ಮನ ಕಣ್ಣಿನ ಆಪರೇಷನ್, ಮಕ್ಕಳ ಶಾಲೆ, ಇದರ ನಡುವೆ ಒಂದು ಫ್ಲ್ಯಾಟ್ ಖರೀದಿ. ವಾಸಕ್ಕಲ್ಲ, ಬಾಡಿಗೆಗೆ ಕೊಡಲಿಕ್ಕೆ. ಕಂಕನಾಡಿ, ಫಳ್ನೀರ್, ತೊಕ್ಕೊಟ್ಟು, ದೇರಳಕಟ್ಟೆ, ಎಲ್ಲಿ ನೋಡಿದರೂ ಹೊಸ ಕಟ್ಟಡ. ಅಸರ್ ನಮಾಝಿನ ನಂತರ ಹೋಗಿ ನೋಡುತ್ತಾರೆ, ಇಶಾ ಆಗುವಾಗ ಅಡ್ವಾನ್ಸ್ ಕೊಟ್ಟಾಗಿರುತ್ತದೆ. ರೆಕಾರ್ಡ್ ನೋಡಿದಿರಾ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: "ಬಿಲ್ಡರ್ ನಮ್ಮವರೇ ಉಸ್ತಾದ್, ಕೇಳಿದರೆ ಅವರಿಗೆ ಬೇಜಾರಾಗುತ್ತದೆ."

ಈ ಬೇಜಾರಿನ ಭಯವೇ ನಮ್ಮಲ್ಲಿ ಹೆಚ್ಚು ಹಣ ಮುಳುಗಿಸುವುದು. ಕುರ್‌ಆನಿನ ಅತ್ಯಂತ ಉದ್ದದ ಆಯತ್ ಯಾವುದು ಎಂದು ಮದರಸದ ಮಕ್ಕಳನ್ನು ಕೇಳಿ ನೋಡಿ, ಹೇಳುತ್ತಾರೆ: ಸೂರಾ ಅಲ್ ಬಖರದ 282ನೇ ಆಯತ್. ಅದರ ವಿಷಯ ನಮಾಝ್ ಅಲ್ಲ, ಉಪವಾಸ ಅಲ್ಲ. ಸಾಲದ ವ್ಯವಹಾರ ಬರೆದಿಡುವುದು, ಸಾಕ್ಷಿ ಇಡುವುದು. ಆ ಆದೇಶ ಬಂದದ್ದು ಮೋಸಗಾರರಿಗೆ ಮಾತ್ರ ಅಲ್ಲ, ಒಂದೇ ಸಫ್ಫಿನಲ್ಲಿ ನಿಲ್ಲುವ ವಿಶ್ವಾಸಿಗಳಿಗೆ. ಕಾಗದ ಕೇಳುವುದು ಅಪನಂಬಿಕೆ ಎಂದು ನಮಗೆ ಕಲಿಸಿದವರು ಯಾರೋ ಗೊತ್ತಿಲ್ಲ, ದೀನ್ ಅಂತೂ ಕಲಿಸಿಲ್ಲ. ಪ್ರಾಮಾಣಿಕ ಬಿಲ್ಡರ್ ಫೈಲ್ ಕೊಟ್ಟು, "ನಿಮ್ಮ ವಕೀಲರಿಗೆ ತೋರಿಸಿ" ಎನ್ನುತ್ತಾರೆ. ಕೊಡಲಿಕ್ಕೆ ಹಿಂದೆ ಮುಂದೆ ನೋಡಿದರೆ ಅದೇ ಒಂದು ಉತ್ತರ.

ಮೊದಲು ಜಾಗದ ರೆಕಾರ್ಡ್. ಇದನ್ನು ನಮ್ಮವರು ಸ್ವಲ್ಪವಾದರೂ ನೋಡುತ್ತಾರೆ: ಮೂಲ ಕ್ರಯಪತ್ರ, ಪಹಣಿ, ಭೂ ಪರಿವರ್ತನೆ ಆದೇಶ, ಋಣಭಾರ ಪತ್ರ ಅಂದರೆ ಇ.ಸಿ. ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಕೋರ್ಟಿನಲ್ಲಿರುವ ದಾವೆ, ಬಿಳಿ ಕಾಗದದ ಕರಾರು ಅದರಲ್ಲಿ ಬರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಇನ್ನೂ ಎರಡು ಸಂಗತಿ ಉಂಟು. ಜಾಗ ಮೂಲಿ ಹಕ್ಕಿನದೋ ಮೂಲಗೇಣಿಯದೋ? ಕಟ್ಟಡದ ಹಿಂದಿನ ಜಾಗ ವರ್ಗದ್ದೋ ಕುಮ್ಕಿಯೋ? ಕುಮ್ಕಿ ಸರಕಾರಿ ಜಾಗ. ಬಿಲ್ಡರ್ ಕಂಪೌಂಡ್ ಹಾಕಿದ ಮಾತ್ರಕ್ಕೆ ಅದು ಫ್ಲ್ಯಾಟಿನವರದ್ದಾಗುವುದಿಲ್ಲ. ವಕ್ಫ್ ಜಾಗದ ವಿಷಯ ನಾವು ಬಿಡಿಸಿ ಹೇಳಬೇಕಾಗಿಲ್ಲ. ಬಿಲ್ಡರ್ ಜಾಗದ ಮೇಲೆ ಬ್ಯಾಂಕ್ ಸಾಲ ತೆಗೆದಿದ್ದರೆ, ನಿಮ್ಮ ಫ್ಲ್ಯಾಟ್ ನಂಬರ್ ಬರೆದ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು.

ಹೊಸ ಕಟ್ಟಡವಾದರೆ ರೇರಾ ನೋಂದಣಿ ನೋಡಿ. 2016ರ ಈ ಕಾಯ್ದೆಯ ಪ್ರಕಾರ ಕರಾರುಪತ್ರ ಬರೆದು ನೋಂದಣಿ ಮಾಡದೆ ಬಿಲ್ಡರ್ ಫ್ಲ್ಯಾಟಿನ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ತೆಗೆದುಕೊಳ್ಳುವಂತಿಲ್ಲ. ನಮ್ಮಲ್ಲಿ ಅರ್ಧ ಹಣ ಕೊಟ್ಟು ಕೈಯಲ್ಲಿ ಒಂದು ರಶೀದಿ ಇಟ್ಟುಕೊಂಡವರು ಎಷ್ಟು ಮಂದಿ! ಜಾಗ 500 ಚದರ ಮೀಟರ್ ಮೀರದ ಅಥವಾ 8 ಫ್ಲ್ಯಾಟ್ ಮೀರದ ಸಣ್ಣ ಕಟ್ಟಡಗಳಿಗೆ ಈ ನೋಂದಣಿ ಬೇಡ, ಹಾಗಾಗಿ ಅಲ್ಲಿ ನಮ್ಮ ಎಚ್ಚರ ಇನ್ನೂ ಹೆಚ್ಚಿರಬೇಕು. ಕೆಲಸ ಮುಗಿದ ಕಟ್ಟಡವಾದರೆ ಕಂಪ್ಲೀಷನ್ ಸರ್ಟಿಫಿಕೇಟ್ ಮತ್ತು ಡೋರ್ ನಂಬರ್ ಆಗಿದೆಯೇ ಕೇಳಿ. "ಡೋರ್ ನಂಬರ್ ಬರ್ತದೆ, ಅರ್ಜಿ ಕೊಟ್ಟಾಗಿದೆ" ಎಂಬ ಮಾತಿಗೆ ಕೊನೆ ಕಂತು ಕೊಡಬೇಡಿ.

ಇಷ್ಟು ನೋಡಿದವರೂ ಸಾಮಾನ್ಯವಾಗಿ ಬಿಟ್ಟುಬಿಡುವುದು ಕಟ್ಟಡದ ಸ್ವಂತ ಕಾಗದಗಳನ್ನು. ಬಾಡಿಗೆಗೆ ಕೊಡಲು ಕೊಳ್ಳುವವರಿಗೆ ನಿಜವಾಗಿ ಬೇಕಾದದ್ದು ಅವೇ. ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆ 1972ರದ್ದು. ಅದರಂತೆ ಕಟ್ಟಡಕ್ಕೆ ಒಂದು ಡಿಕ್ಲರೇಷನ್ ಡೀಡ್ ನೋಂದಣಿಯಾಗಬೇಕು. ಜಾಗ ಎಷ್ಟು, ಫ್ಲ್ಯಾಟ್ ಎಷ್ಟು, ಯಾವುದು ಎಲ್ಲರಿಗೂ ಸೇರಿದ್ದು, ಜಾಗದಲ್ಲಿ ಒಂದೊಂದು ಫ್ಲ್ಯಾಟಿಗೆ ಶೇಕಡಾ ಎಷ್ಟು ಅವಿಭಜಿತ ಹಕ್ಕು, ಎಲ್ಲ ಅದರಲ್ಲಿರುತ್ತದೆ. ನಾಳೆ ಕಟ್ಟಡ ಹಳೆಯದಾಗಿ ಕೆಡವಿದರೆ ನಮ್ಮ ಕೈಯಲ್ಲಿ ಉಳಿಯುವುದು ಆ ಶೇಕಡಾ ಲೆಕ್ಕ ಮಾತ್ರ. ಕ್ರಯಪತ್ರದ ಲೆಕ್ಕಕ್ಕೂ ಡೀಡಿನ ಲೆಕ್ಕಕ್ಕೂ ತಾಳೆ ಆಗುತ್ತದೋ ನೋಡಬೇಕು. ಟೆರೇಸ್ ಹಕ್ಕನ್ನು, ಮೇಲೆ ಇನ್ನೊಂದು ಮಹಡಿ ಕಟ್ಟುವ ಹಕ್ಕನ್ನು ಬಿಲ್ಡರ್ ತನಗೇ ಇಟ್ಟುಕೊಂಡ ಸಾಲು ಎಲ್ಲಿಯಾದರೂ ಇದ್ದರೆ ವಕೀಲರಲ್ಲಿ ಅದರ ಅರ್ಥ ಕೇಳಿ.

ಡೀಡಿನ ಜೊತೆ ಬೈಲಾ ಇರುತ್ತದೆ. ದೇರಳಕಟ್ಟೆಯಲ್ಲಿ ಫ್ಲ್ಯಾಟ್ ಕೊಳ್ಳುವವರ ಲೆಕ್ಕಾಚಾರ ಏನು? ಮೆಡಿಕಲ್ ಕಾಲೇಜಿನ ಮಕ್ಕಳಿಗೆ ಕೊಟ್ಟರೆ ಒಳ್ಳೆ ಬಾಡಿಗೆ ಬರುತ್ತದೆ ಎಂದು. ಆದರೆ ಆ ಕಟ್ಟಡದ ಬೈಲಾದಲ್ಲಿ "ಕುಟುಂಬಗಳಿಗೆ ಮಾತ್ರ" ಎಂದು ಬರೆದಿದ್ದರೆ? ಬಾಡಿಗೆದಾರ ಬದಲಾದಾಗಲೆಲ್ಲ ಅಸೋಸಿಯೇಷನ್‌ಗೆ ಇಂತಿಷ್ಟು ಕಟ್ಟಬೇಕು ಎಂದಿದ್ದರೆ? ಮನೆಯಲ್ಲಿ ಕ್ಲಿನಿಕ್ಕೋ ಟ್ಯೂಷನ್ನೋ ನಡೆಸುವಂತಿಲ್ಲ ಎಂದಿದ್ದರೆ? ಇದೆಲ್ಲ ಕೊಂಡ ಮೇಲೆ ಲಿಫ್ಟ್‌ ಬದಿಯ ನೋಟಿಸ್ ಬೋರ್ಡಿನಲ್ಲಿ ಓದುವ ವಿಷಯ ಅಲ್ಲ.

ಅಸೋಸಿಯೇಷನ್‌ನ ಎರಡು ಮೂರು ವರ್ಷದ ಲೆಕ್ಕಪತ್ರ, ಸಭೆಯ ನಡಾವಳಿ ಪುಸ್ತಕ ಕೇಳಿ. ಬ್ರೋಷರಿನಲ್ಲಿ ಸಿಗದ ಸತ್ಯ ನಡಾವಳಿಯಲ್ಲಿ ಸಿಗುತ್ತದೆ. ಐದನೇ ಮಹಡಿಯ ಬಾತ್‌ರೂಮ್ ಸೋರಿಕೆ, ಲಿಫ್ಟ್ ಬದಲಿಸಲು ಎಲ್ಲರೂ ಹಾಕಬೇಕಾದ ಹಣ, ಮೈಂಟೆನೆನ್ಸ್ ಕಟ್ಟದವರ ಹೆಸರು, ಬಿಲ್ಡರ್ ಮೇಲಿನ ಕೇಸು, ಎಲ್ಲ ಅಲ್ಲಿ ಬರೆದಿರುತ್ತದೆ. ನಮ್ಮ ಮಳೆಗೆ, ಕಡಲ ಗಾಳಿಗೆ ಇಲ್ಲಿಯ ಸ್ಲ್ಯಾಬಿನ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಏಪ್ರಿಲ್, ಮೇಯಲ್ಲಿ ತುಂಬೆ ಅಣೆಕಟ್ಟಿನ ನೀರು ಕಮ್ಮಿಯಾದರೆ ಟ್ಯಾಂಕರ್ ತರಿಸಬೇಕು. ರಿಪೇರಿ ನಿಧಿ ಇಲ್ಲದ ಕಟ್ಟಡದಲ್ಲಿ ಇದೆಲ್ಲ ಒಮ್ಮೆಗೇ ಜೇಬಿಗೆ ಬರುತ್ತದೆ. ಇನ್ನೊಂದು ಮಾತು: ಹಳೆ ಮಾಲೀಕ ಉಳಿಸಿದ ಮೈಂಟೆನೆನ್ಸ್ ಬಾಕಿಗೆ ಆ ಕಾಯ್ದೆಯ ಪ್ರಕಾರ ಕೊಂಡವನೂ ಹೊಣೆ. ಆದ್ದರಿಂದ ಬಾಕಿ ಇಲ್ಲ ಎಂಬ ಪತ್ರ ಅಸೋಸಿಯೇಷನ್‌ನಿಂದಲೇ ಬರಬೇಕು, ಮಾರುವವರ ಬಾಯಿಂದ ಅಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. 50 ಲಕ್ಷದ ಫ್ಲ್ಯಾಟ್, ತಿಂಗಳ ಬಾಡಿಗೆ 15 ಸಾವಿರ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1 ಲಕ್ಷದ 80 ಸಾವಿರ. ಮೈಂಟೆನೆನ್ಸ್ ತಿಂಗಳಿಗೆ 3 ಸಾವಿರ ಮಾಲೀಕನ ಮೇಲಾದರೆ 36 ಸಾವಿರ ಹೋಯಿತು. ಒಂದು ತಿಂಗಳು ಖಾಲಿ ಬಿದ್ದರೆ 15 ಸಾವಿರ. ಉಳಿದದ್ದು 1 ಲಕ್ಷದ 29 ಸಾವಿರ, ಅಂದರೆ ಹಾಕಿದ ಹಣಕ್ಕೆ ಶೇ. 2.6 ಕೂಡ ಇಲ್ಲ. ಮನೆ ತೆರಿಗೆ, ಪೈಂಟಿಂಗ್, ನೋಂದಣಿ ಖರ್ಚು ಬೇರೆ. ಮೈಂಟೆನೆನ್ಸ್ ಯಾರ ಮೇಲೆ, ಎಷ್ಟು ಎಂಬ ಒಂದು ಸಾಲಿನಿಂದಲೇ ಈ ಲೆಕ್ಕ ತಿರುಗುತ್ತದೆ. "ಬೆಲೆ ಏರ್ತದೆ ಕಾಕ" ಎನ್ನುವ ಬ್ರೋಕರ್‌ಗೆ ಈ ಲೆಕ್ಕ ತೋರಿಸಿ.

ಹಾಗೆಂದು ಬೆಲೆ ಏರುವಾಗ ಮಾರುವ ನಿಯ್ಯತ್ತಿನಲ್ಲೇ ಕೊಂಡರೆ ಅದು ವ್ಯಾಪಾರದ ಸೊತ್ತು. ವರ್ಷ ತುಂಬಿದಾಗ ಅಂದಿನ ಬೆಲೆಯ ಮೇಲೆ ಶೇ. 2.5 ಝಕಾತ್ ಬರುತ್ತದೆ, ಫ್ಲ್ಯಾಟ್ ಖಾಲಿ ಬಿದ್ದಿದ್ದರೂ. ಬಾಡಿಗೆಗೆಂದೇ ಕೊಂಡದ್ದಾದರೆ ಫ್ಲ್ಯಾಟಿನ ಬೆಲೆಗೆ ಝಕಾತ್ ಇಲ್ಲ, ಬಾಡಿಗೆಯಲ್ಲಿ ಉಳಿದು ವರ್ಷ ತುಂಬಿದ ಹಣಕ್ಕೆ ಮಾತ್ರ. ಕರಾರಿನಲ್ಲಿ ಕಂತು ತಡವಾದರೆ ಬಡ್ಡಿ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಸಹಿ ಮಾಡುವ ಮೊದಲು ಆ ಪುಟವನ್ನು ನಿಮ್ಮ ಖತೀಬರಿಗೆ ತೋರಿಸಿ, ಸಹಿ ಮಾಡಿ ಬಂದು ಕೇಳಬೇಡಿ.

ಪಾರ್ಕಿಂಗ್ ಬಗ್ಗೆ: ಮುಂಬೈಯ ಒಂದು ಹೌಸಿಂಗ್ ಸೊಸೈಟಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಕಂಬಗಳ ನಡುವಿನ ಸ್ಟಿಲ್ಟ್ ಪಾರ್ಕಿಂಗನ್ನು ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ ಎಂದಿತು. ರೇರಾದಲ್ಲೂ ತೆರೆದ ಪಾರ್ಕಿಂಗ್ ಎಲ್ಲರಿಗೂ ಸೇರಿದ್ದು. ಪಾರ್ಕಿಂಗ್‌ಗೆಂದು ಬೇರೆ ಲಕ್ಷ ಕೇಳಿದರೆ, ಅದು ಯಾವ ಕಾಗದದಲ್ಲಿ ಬರುತ್ತದೆ ಎಂದು ಕೇಳಿ.

ಕೊನೆಗೆ ಹೆಸರು. ಹಣ ಮಗನದ್ದು, ಅವನು ಜಿದ್ದಾದಲ್ಲಿ, ನೋಂದಣಿ ತಂದೆಯ ಹೆಸರಿನಲ್ಲಿ. ತಂದೆ ತೀರಿಕೊಂಡ ದಿನ ಅದು ಎಲ್ಲ ವಾರೀಸುದಾರರ ಪಾಲಿಗೆ ಬರುತ್ತದೆ. ಆಮೇಲೆ "ಹಣ ನಾನು ಕಳಿಸಿದ್ದು" ಎಂದರೆ ಅಣ್ಣ ತಮ್ಮಂದಿರ ನಡುವೆ ಸಲಾಂ ನಿಲ್ಲುತ್ತದೆ. ಮಗನ ಫ್ಲ್ಯಾಟಾದರೆ ಮಗನ ಹೆಸರಿನಲ್ಲೇ ಆಗಲಿ. ರಜೆ ಮುಗಿಯಿತೆಂದರೆ ಅಲ್ಲಿಂದಲೇ ಪವರ್ ಆಫ್ ಅಟಾರ್ನಿ ಕಳಿಸಬಹುದು. ಅದಕ್ಕೆ ಅಲ್ಲಿಯ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನ ದೃಢೀಕರಣ ಆಗಬೇಕು. ಇಲ್ಲಿ ಕೈಗೆ ಸಿಕ್ಕಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಮಾರುವವರೂ ಎನ್‌ಆರ್‌ಐ ಆಗಿದ್ದರೆ ಟಿಡಿಎಸ್ ಶೇ. 1 ಅಲ್ಲ, ಅದಕ್ಕಿಂತ ತುಂಬ ಹೆಚ್ಚು, 50 ಲಕ್ಷದ ಮಿತಿಯೂ ಅವರಿಗಿಲ್ಲ. ಅದನ್ನು ಹಿಡಿದು ಸರಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದ್ದು. ಹಣ ಪೂರ್ತಿ ಕೊಡುವ ಮೊದಲು ಆಡಿಟರ್ ಬಳಿ ಒಮ್ಮೆ ಹೋಗಿ ಬನ್ನಿ.