ಅಡಿಕೆ ಸಾಲಿನ ನಡುವೆ ಮಣ್ಣು ಸಾಗಿಸುವ ಲೆಕ್ಕ

ಬೇಸಿಗೆ ಬಂತೆಂದರೆ ಬಂದಳಿಕೆಯ ಸುತ್ತಿನ ಶಿಕಾರಿಪುರ, ಸೊರಬ ಸೀಮೆಯ ಅಡಿಕೆ ಬೆಳೆಗಾರರಿಗೆ ತೋಟಕ್ಕೆ ಹೊಸ ಮಣ್ಣು ಹಾಕಿಸುವ ಚಿಂತೆ. ಟ್ರ್ಯಾಕ್ಟರ್ ಮಣ್ಣು ತಂದು ಬೇಲಿಯ ಬದಿಗೆ ಸುರಿದು ಹೋಗುತ್ತದೆ. ನಿಜವಾದ ದುಡಿಮೆ ಅಲ್ಲಿಂದ ಮುಂದೆ. ಟ್ರೇಲರಿನಲ್ಲಿ 100 ಘನ ಅಡಿ ಮಣ್ಣಿದೆ ಎಂದಿಟ್ಟುಕೊಂಡರೆ ತೂಕ ಹೆಚ್ಚುಕಡಿಮೆ 4 ಟನ್. 25 ಕಿಲೋ ಹಿಡಿಯುವ ಪುಟ್ಟಿಯಲ್ಲಿ ಹೊತ್ತರೆ 160 ಸಲ ಹೋಗಿ ಬರಬೇಕು. ಕೂಲಿಗೆ ಜನ ಸಿಗದ ಈ ಕಾಲದಲ್ಲಿ ಸಣ್ಣ ಎಂಜಿನ್ ಗಾಡಿಗಳ ಕಡೆ ರೈತರು ನೋಡುತ್ತಿರುವುದು ಸಹಜವೇ. ಆದರೆ ಬಹಳ ಮಂದಿ ಮೊದಲು ಕೇಳುವುದು, ಅದು ಎಷ್ಟು ಕಿಲೋ ಹೊರುತ್ತದೆ ಎಂದು. ನನ್ನ ದೃಷ್ಟಿಯಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ.

ಮೊದಲು ನೋಡಬೇಕಾದ್ದು ಹಾದಿಯ ಅಗಲ. ಅಡಿಕೆಗೆ ಶಿಫಾರಸಾದ ಅಂತರ 2.7 ಮೀಟರ್, ಅಂದರೆ 9 ಅಡಿ. ಕೇಳುವುದಕ್ಕೆ ಧಾರಾಳ. ಅದರೊಳಗೆ ಬಸಿಗಾಲುವೆ, ಬಾಳೆ, ಮೆಣಸಿನ ಬಳ್ಳಿ, ನೀರಿನ ಪೈಪು ಎಲ್ಲ ಸೇರಿದ ಮೇಲೆ ಎಷ್ಟೋ ಕಡೆ ಒಂದು ಮೀಟರ್ ಹಾದಿಯೂ ಉಳಿಯುವುದಿಲ್ಲ. ಹಾಗಾಗಿ ಟೇಪು ಹಿಡಿಯಬೇಕಾದ್ದು ಬೇಲಿಯ ದಣಪೆಯ ಬಳಿ, ಕಾಲುವೆ ದಾಟುವ ಸಂಕದ ಮೇಲೆ, ಸಾಲಿನ ಕೊನೆಯ ತಿರುವಿನಲ್ಲಿ.

ಕಿರಿದಾದ ಗಾಡಿ ಎಲ್ಲಿಯಾದರೂ ನುಗ್ಗುತ್ತದೆ, ಆದರೆ ಬೇಗ ಮಗುಚುತ್ತದೆ. ಎರಡು ಚಕ್ರಗಳ ನಡುವೆ 70 ಸೆಂಟಿಮೀಟರ್ ಅಂತರವಿದ್ದು, ತುಂಬಿದ ಗಾಡಿಯ ಗುರುತ್ವ ಕೇಂದ್ರ ನೆಲದಿಂದ 60 ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಅದು ಪಕ್ಕಕ್ಕೆ ಸುಮಾರು 30 ಡಿಗ್ರಿ ವಾಲುವ ತನಕ ನಿಲ್ಲುತ್ತದೆ. ಮಣ್ಣನ್ನು ಗೋಪುರದಂತೆ ಏರಿಸಿ ಕೇಂದ್ರವನ್ನು 80ಕ್ಕೆ ತಂದರೆ ಆ ಮಿತಿ 24 ಡಿಗ್ರಿಗೂ ಕೆಳಗೆ. ಒಂದು ಚಕ್ರ 15 ಸೆಂಟಿಮೀಟರ್ ಗುಂಡಿಗೆ ಇಳಿದರೆ ಅದರಲ್ಲಿ 12 ಡಿಗ್ರಿ ಅಲ್ಲೇ ಮುಗಿಯಿತು. ಓಡುವಾಗಿನ ಕುಲುಕಾಟ ಬೇರೆ. ತಗ್ಗಿನ ಡಬ್ಬಿಯ ಗಾಡಿ ಕಡಿಮೆ ಹೊತ್ತರೂ ಅದೇ ಮೇಲು.

ಇನ್ನು ನೆಲದ ಮಾತು. ಅಡಿಕೆಯ ಬೇರುಗಳಲ್ಲಿ ಬಹುಪಾಲು ಬುಡದ ಸುತ್ತ, ಮೇಲುಪದರದಲ್ಲೇ ಹರಡಿರುತ್ತವೆ. ಅಲ್ಲಿ ಮಣ್ಣು ಗಟ್ಟಿಯಾದರೆ ನೀರು ಬಸಿಯದು, ಬೇರಿಗೆ ಗಾಳಿ ಸಿಗದು. ತುಂಬಿದ ಪುಟ್ಟಿ ಹೊತ್ತು ನಡೆಯುವ ಆಳಿನ ಪಾದ ನೆಲವನ್ನು ಚದರ ಸೆಂಟಿಮೀಟರಿಗೆ ಅರ್ಧ ಕಿಲೋದಷ್ಟು ಒತ್ತುತ್ತದೆ. ಗಾಳಿ ತುಂಬಿದ ಟೈರು ಒತ್ತುವುದು ಅದರೊಳಗಿನ ಗಾಳಿಯ ಒತ್ತಡದ ಆಸುಪಾಸಿನಲ್ಲಿ. ಗಟ್ಟಿಯಾಗಿ ಗಾಳಿ ಹಾಕಿದ್ದರೆ ಎರಡು ಕಿಲೋ ದಾಟಬಹುದು. ರಬ್ಬರ್ ಪಟ್ಟಿಯ ಮೇಲೆ ಓಡುವ ಗಾಡಿ, ಹೊರೆ ಸೇರಿ 500 ಕಿಲೋ ಇದ್ದರೂ, ಎರಡು ಪಟ್ಟಿಗಳು ತಲಾ 18 ಸೆಂಟಿಮೀಟರ್ ಅಗಲ, 70 ಸೆಂಟಿಮೀಟರ್ ಉದ್ದ ನೆಲಕ್ಕೆ ತಾಗಿದರೆ ಒತ್ತಡ 0.2 ಕಿಲೋ ಮಾತ್ರ. ಮನುಷ್ಯನ ಹೆಜ್ಜೆಗಿಂತ ಹಗುರ! ಆದರೆ ಪಟ್ಟಿ ನಿಂತಲ್ಲೇ ತಿರುಗುವಾಗ ಮೇಲ್ಮಣ್ಣನ್ನೂ ಎಳೆಬೇರನ್ನೂ ಕೆತ್ತಿಹಾಕುತ್ತದೆ. ಸಾಲಿನ ನಡುವೆ ತಿರುಗಿಸದೆ ಹಿಮ್ಮುಖವಾಗಿ ತರುವ ಅಭ್ಯಾಸ ಬೇಕು.

ಸಣ್ಣ ತೋಟಕ್ಕೆ ಒಂಟಿ ಚಕ್ರದ ಕೈಗಾಡಿಯೇ ಸಾಕು. 100 ಕಿಲೋ ಮಣ್ಣು ಅಚ್ಚಿನಿಂದ 40 ಸೆಂಟಿಮೀಟರ್ ದೂರದಲ್ಲಿದ್ದು, ಹಿಡಿ 120 ಸೆಂಟಿಮೀಟರಿನಲ್ಲಿದ್ದರೆ ಕೈಗೆ ಬೀಳುವುದು 33 ಕಿಲೋ. ಅದೇ ಹೊರೆಯನ್ನು 60ಕ್ಕೆ ಸರಿಸಿದರೆ 50 ಕಿಲೋ. ಮಣ್ಣನ್ನು ಚಕ್ರದ ಕಡೆ ಒತ್ತಿ ತುಂಬಿ. ಸಂಜೆಗೆ ಸೊಂಟವೇ ಹೇಳುತ್ತದೆ.

ಬಂದಳಿಕೆಯ ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ ಗುಡಿಯಂಥ ಹಳೆಯ ತಾಣಗಳ ಅಂಗಳಕ್ಕೆ ಮಣ್ಣು ಸಾಗಿಸುವಾಗಲೂ ಇದೇ ಲೆಕ್ಕ ಸಲ್ಲುತ್ತದೆ. ತೋಟದಲ್ಲಿ ಪೆಟ್ಟಾದ ಗಿಡ ಮತ್ತೆ ಚಿಗುರೀತು, ಕೆತ್ತನೆಯ ಅಂಚಿಗೆ ಗಾಡಿ ತಾಗಿ ಮುರಿದದ್ದು ಮತ್ತೆ ಕೂಡದು. ಅಂಥ ಕಡೆ ಹುಲ್ಲುಹಾಸಿಗೆ ಮಣ್ಣು ಒಯ್ಯಲು ಎಂಜಿನ್ನೇ ಬೇಡ, ರಬ್ಬರ್ ಟೈರಿನ ಕೈಗಾಡಿ ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗಾಡಿ ಕೊಳ್ಳುವ ಮುನ್ನ ಒಂದು ದಿನ ಬಾಡಿಗೆಗೆ ತನ್ನಿ. ನೀರು ಬಿಡುವ ಮೊದಲು, ನೆಲ ಒಣಗಿರುವಾಗ, ಪೂರ್ತಿ ಹೊರೆ ತುಂಬಿ ನಿಮ್ಮ ತೋಟದ ಅತಿ ಕಿರಿದಾದ ಸಂಕವನ್ನು ದಾಟಿಸಿ ನೋಡಿ. ಅಲ್ಲಿ ದಾಟದ ಗಾಡಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.